ಎದೆಯ ಲಟಿಕೆ, ಪಕ್ಕೆಯ ಬಿಗಿತ

ಬಹಳ ಹೊತ್ತು ಮುಂದಕ್ಕೆ ಬಾಗಿ ಕುಳಿತಿದ್ದವರು ಮೈಮುರಿಯಲೆಂದು ಎರಡೂ ತೋಳುಗಳನ್ನು ಹಿಂದಕ್ಕೆಳೆದು ಎದೆಯನ್ನು ಉಬ್ಬಿಸಿದಾಗ, ಎದೆಯ ನಟ್ಟನಡುವೆ ‘ಟಕ್’ ಎಂಬ ಶಬ್ದ ಏಳುವುದುಂಟು. ಬೆರಳಿನ ಲಟಿಕೆ ಮುರಿದಾಗ ಯಾರೂ ಬೆಚ್ಚುವುದಿಲ್ಲ. ಅದೇ ಬಗೆಯ ಶಬ್ದ ಹೃದಯದ ನೆರೆಯಲ್ಲಿ ಕೇಳಿಸಿದರೆ ಮಾತ್ರ ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ, ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಕೆಲವು ಕ್ಷಣ ಎದೆ ಹಗುರಾದಂತೆ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿಯುತ್ತದೆ. ಮತ್ತೆ ತೋಳುಗಳು ಹಿಂದಕ್ಕೆ ಹೋಗುತ್ತವೆ.

ಈ ತೊಂದರೆ ಇರುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಒಟ್ಟಿಗೇ ಹೇಳುತ್ತಾರೆ: ಎದೆ ಲಟಕ್ಕೆನ್ನುತ್ತದೆ, ಎದೆ ಬಿಗಿದುಕೊಂಡಿದೆ. ಎರಡೂ ಜೊತೆಜೊತೆಯಾಗಿ ಬರುವುದರಿಂದ, ಶಬ್ದ ಬಂದರೆ ಬಿಗಿತ ಬಿಟ್ಟಿತು, ಬರದಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ಬೇರೂರುತ್ತದೆ. ಆ ಲೆಕ್ಕಾಚಾರ ತಪ್ಪು ಎಂಬುದು ನನ್ನ ವಾದ. ಶಬ್ದ ಬಹುಮಟ್ಟಿಗೆ ಕೀಲಿನೊಳಗಿನ ದ್ರವದಲ್ಲಿ ಹುಟ್ಟುತ್ತದೆ. ಬಿಗಿತ ಹುಟ್ಟುವುದು ಸ್ನಾಯುಗಳಲ್ಲಿ, ಉಸಿರಾಡುವ ರೀತಿಯಲ್ಲಿ, ಬಾಗಿ ಗಡುಸಾದ ಮೇಲ್ಬೆನ್ನಿನಲ್ಲಿ. ಒಂದರ ಬೆನ್ನು ಹತ್ತಿದರೆ ಇನ್ನೊಂದು ವಾಸಿಯಾಗುವುದಿಲ್ಲ, ಎಷ್ಟೋ ಸಲ ಹೆಚ್ಚೇ ಆಗುತ್ತದೆ.

ವಿವರಣೆಗೆ ಇಳಿಯುವ ಮುನ್ನ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎದೆಯ ಮೇಲೆ ಕಲ್ಲು ಹೇರಿದಂತಹ ಒತ್ತಡ, ತೋಳಿಗೆ, ದವಡೆಗೆ, ಕುತ್ತಿಗೆಗೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ವಾಕರಿಕೆ, ಏದುಸಿರು, ಕಣ್ಣು ಕತ್ತಲೆ ಬರುವುದು, ಮೆಟ್ಟಿಲು ಹತ್ತಿದಾಗ ಹೆಚ್ಚಾಗಿ ನಿಂತಾಗ ತಗ್ಗುವ ಎದೆನೋವು, ಇವುಗಳಲ್ಲಿ ಯಾವುದಿದ್ದರೂ ಓದುವುದನ್ನು ಇಲ್ಲಿಗೇ ಬಿಟ್ಟು ತುರ್ತು ಚಿಕಿತ್ಸೆಗೆ ಹೋಗಬೇಕು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಮಧುಮೇಹ ಇರುವವರಲ್ಲಿ ಹೃದಯಾಘಾತವು ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳದೆ ಬರೀ ಸುಸ್ತು, ಹೊಟ್ಟೆ ತೊಳಸುವಿಕೆ, ಉಸಿರು ಸಾಲದಂತೆ ಆಗುವುದು ಇಷ್ಟೇ ಲಕ್ಷಣಗಳೊಂದಿಗೆ ಬರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಒಂದು ಕಾಲು ಊದಿಕೊಂಡಿದ್ದರೆ ಅಥವಾ ಕೆಮ್ಮಿದಾಗ ರಕ್ತ ಬಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಎತ್ತರವಾದ, ತೆಳ್ಳನೆಯ ಮೈಕಟ್ಟಿನ ಯುವಕರಿಗೆ ಒಂದು ಬದಿಯಲ್ಲಿ ಹಠಾತ್ತನೆ ಚುಚ್ಚಿದಂತಾಗಿ ಉಸಿರಾಟ ಕಷ್ಟವಾದರೆ ಶ್ವಾಸಕೋಶ ಕುಸಿದಿರಬಹುದು. ಒತ್ತಿದ ಜಾಗದಲ್ಲಿ ನೋವಾದರೆ ಅದು ಹೃದಯದ್ದಲ್ಲ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಅದು ಸಾಧ್ಯತೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆ್ಯಂಟಾಸಿಡ್ ಕುಡಿದ ಮೇಲೆ ಕಡಿಮೆಯಾಯಿತು ಎಂಬುದೂ ಹಾಗೆಯೇ, ಸಮಾಧಾನವೇ ಹೊರತು ಪುರಾವೆಯಲ್ಲ. ಮೊದಲ ಸಲ ಬಂದ ಎದೆನೋವನ್ನು ವೈದ್ಯರು ನೋಡಿ, ಬೇಕೆನಿಸಿದರೆ ಇಸಿಜಿ ಮಾಡಿ, ಹೃದಯದ್ದಲ್ಲ ಎಂದ ಮೇಲೆಯೇ ಮುಂದಿನ ಮಾತುಗಳಿಗೆ ಅರ್ಥ.

ಎದೆಗೂಡು ಎಂದರೆ ಬಿಗಿಯಾಗಿ ಬೆಸೆದ ಪಂಜರ ಎಂಬ ಕಲ್ಪನೆ ನಮ್ಮಲ್ಲಿ ಬಹುಮಂದಿಗೆ ಇದೆ. ಹಾಗಿದ್ದರೆ ಉಸಿರಾಡಲು ಆಗುತ್ತಿರಲಿಲ್ಲ. ಒಂದು ಬೆರಳಿನಿಂದಲೇ ಇದನ್ನು ತಿಳಿದುಕೊಳ್ಳಬಹುದು. ಕೊರಳಿನ ಬುಡದಲ್ಲಿ, ಎರಡು ಕಾಲರ್ ಬೋನ್‌ಗಳ ನಡುವೆ, ಬೆರಳ ತುದಿ ಕೂರುವಷ್ಟು ಒಂದು ಗುಳಿ ಇದೆ. ಗುಳಿಯ ಎರಡೂ ಬದಿಗೆ ಉಬ್ಬಿರುವ ಗಂಟುಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಅದೇ ಕಡೆಯ ಭುಜವನ್ನು ಮೇಲಕ್ಕೆ ಕೆಳಕ್ಕೆ ಆಡಿಸಿದರೆ ಬೆರಳಿನಡಿ ಎಲುಬು ಹೊರಳುವುದು ತಿಳಿಯುತ್ತದೆ. ಇಡೀ ತೋಳನ್ನು ಮುಂಡದ ಅಸ್ಥಿಪಂಜರಕ್ಕೆ ಜೋಡಿಸುವ ಕೀಲು ಇದೊಂದೇ; ಒಳಗೆ ಮೆತ್ತೆಯಂತಹ ಒಂದು ತಟ್ಟೆ ಇದೆ. ಎದೆಯ ಮೇಲ್ಭಾಗದ ಎಷ್ಟೋ ಶಬ್ದಗಳು ಹೊರಡುವುದು ಇಲ್ಲಿಂದ. ಅಲ್ಲಿಂದ ಬೆರಳನ್ನು ಎದೆಮೂಳೆಯ ಮೇಲೆ ಸುಮಾರು 5 ಸೆಂಟಿಮೀಟರ್ ಕೆಳಕ್ಕೆ ಜಾರಿಸಿದರೆ ಅಡ್ಡಲಾಗಿ ಒಂದು ಸಣ್ಣ ಏಣು ಸಿಗುತ್ತದೆ. ಎದೆಮೂಳೆಯ ಮೇಲಿನ ತುಂಡು ಮತ್ತು ನಡುವಿನ ತುಂಡು ಕೂಡುವ ಜಾಗ ಅದು. ಎರಡನೆಯ ಪಕ್ಕೆಲುಬು ಬಂದು ಸೇರುವುದೂ ಅಲ್ಲೇ, ಆದ್ದರಿಂದ ವೈದ್ಯರು ಪಕ್ಕೆಲುಬು ಎಣಿಸಲು ಶುರುಮಾಡುವುದೂ ಅಲ್ಲಿಂದಲೇ. ತೋಳು ಹಿಂದಕ್ಕೆಳೆದಾಗ ನಟ್ಟನಡುವೆ ಬರುವ ದೊಡ್ಡ ‘ಟಕ್’ ಅನೇಕರಲ್ಲಿ ಈ ಏಣಿನ ಸುತ್ತಮುತ್ತಲಿನದು. ಇನ್ನೂ ಕೆಳಗೆ ಹೊಟ್ಟೆ ಶುರುವಾಗುವಲ್ಲಿ ಎದೆಮೂಳೆಯ ಮೊನಚು ತುದಿ ಕೈಗೆ ಸಿಗುತ್ತದೆ. ಅದನ್ನು ಒಂದು ದಿನ ಆಕಸ್ಮಿಕವಾಗಿ ಮುಟ್ಟಿ ಗಡ್ಡೆ ಬೆಳೆದಿದೆಯೆಂದು ಗಾಬರಿಗೊಳ್ಳುವವರು ಕಡಿಮೆಯೇನಿಲ್ಲ. ಅದು ಹುಟ್ಟಿನಿಂದಲೂ ಅಲ್ಲಿಯೇ ಇದೆ.

ಪಕ್ಕೆಲುಬುಗಳು 12 ಜೊತೆ. ಮೇಲಿನ 7 ಜೊತೆಗಳು ಒಂದೊಂದೂ ತನ್ನದೇ ಮೃದ್ವಸ್ಥಿಯ, ಅಂದರೆ ಮೂಗಿನ ತುದಿಯಂತೆ ಒತ್ತಿದರೆ ಬಾಗುವ ಮೆದು ಎಲುಬಿನ, ಮೂಲಕ ಎದೆಮೂಳೆಗೆ ಸೇರುತ್ತವೆ. 8, 9 ಮತ್ತು 10ನೆಯವು ನೇರವಾಗಿ ಸೇರದೆ ತಮ್ಮ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ಆತುಕೊಳ್ಳುತ್ತವೆ. ಕೊನೆಯ ಎರಡು ಜೊತೆಗಳಿಗೆ ಮುಂದೆ ಆಸರೆಯೇ ಇಲ್ಲ. ಹಿಂಬದಿಯಲ್ಲಿ ಎಲ್ಲ ಪಕ್ಕೆಲುಬುಗಳೂ ಬೆನ್ನುಮೂಳೆಯನ್ನು ಹಿಡಿದಿವೆ, ಅದರಲ್ಲೂ ಮೇಲಿನ ಹತ್ತು ಜೊತೆ ತಲಾ ಎರಡು ಕಡೆ. ಹಿಂದಿನ, ಮುಂದಿನ ಕೂಡುಜಾಗಗಳನ್ನೆಲ್ಲ ಲೆಕ್ಕ ಹಾಕಿದರೆ ಈ ಗೂಡಿನಲ್ಲಿ 80ಕ್ಕೂ ಹೆಚ್ಚು ಸಂದುಗಳಾಗುತ್ತವೆ. ಕೆಲವು ಸಂದುಗಳಲ್ಲಿ ಮೃದ್ವಸ್ಥಿಯು ಎಲುಬಿಗೆ ಅಂಟಿಕೊಂಡೇ ಇರುತ್ತದೆ, ಅಲ್ಲಿ ಅಲುಗಾಟ ಇಲ್ಲ. ಉಳಿದವು ಬೆರಳಿನ ಗೆಣ್ಣಿನಂತೆ ದ್ರವ ತುಂಬಿದ ಚೀಲವಿರುವ ನಿಜವಾದ ಕೀಲುಗಳು. ಉಸಿರೆಳೆದಾಗ ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಯಂತೆ ಮುಂದಕ್ಕೂ ಮೇಲಕ್ಕೂ ಏಳುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿಯಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತವೆ. ನಿಮಿಷಕ್ಕೆ 15 ಉಸಿರೆಂದು ಇಟ್ಟುಕೊಂಡರೂ ದಿನಕ್ಕೆ 21,600 ಸಲ ಈ ಕೀಲುಗಳು ಆಡುತ್ತವೆ. ಮುರಿದರೂ ನೊಂದರೂ ಇವಕ್ಕೆ ರಜೆಯಿಲ್ಲ. ಎದೆಗೂಡಿನ ನೋವು ವಾಸಿಯಾಗಲು ಅಷ್ಟು ದಿನ ಹಿಡಿಯುವುದೇಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನು ಶಬ್ದದ ವಿಚಾರ. ಕೀಲಿನ ಚೀಲದೊಳಗೆ ಮೊಟ್ಟೆಯ ಬಿಳಿಭಾಗದಂತೆ ಲೋಳೆಯಾದ ದ್ರವ ಇರುತ್ತದೆ. ಅದರಲ್ಲಿ ಅನಿಲಗಳು, ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ಕರಗಿರುತ್ತವೆ. ಒದ್ದೆಯಾದ ಎರಡು ಗಾಜಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮೇಲಿನದನ್ನು ನೇರವಾಗಿ ಎತ್ತಲು ಹೋದರೆ ಮೊದಲು ಅಂಟಿಕೊಂಡೇ ಇದ್ದು ಆಮೇಲೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆಯಲ್ಲವೇ, ಕೀಲಿನೊಳಗೂ ಅಂಥದೇ ನಡೆಯುತ್ತದೆ. ಎಲುಬಿನ ಎರಡು ಮೈಗಳು ಸರಕ್ಕನೆ ದೂರವಾದಾಗ ದ್ರವದೊಳಗಿನ ಒತ್ತಡ ಕುಸಿದು ಅನಿಲದ ಗುಳ್ಳೆ ಏಳುತ್ತದೆ. ಶಬ್ದ ಬರುವುದು ಗುಳ್ಳೆ ಹುಟ್ಟುವಾಗಲೋ ಒಡೆಯುವಾಗಲೋ ಎಂಬ ಜಗಳ ಮಾತ್ರ ಬಹಳ ಹಳೆಯದು. 1947ರಲ್ಲಿ ಬೆರಳಿನ ಗೆಣ್ಣುಗಳನ್ನು ಎಳೆಯುತ್ತ ಎಕ್ಸ್‌-ರೇ ತೆಗೆದ ಇಬ್ಬರು ಬ್ರಿಟಿಷ್ ಸಂಶೋಧಕರು ಹುಟ್ಟುವಾಗ ಎಂದರು. 1971ರಲ್ಲಿ ಲೀಡ್ಸ್ ನಗರದ ತಂಡವೊಂದು ಗುಳ್ಳೆ ಕುಸಿಯುವಾಗ ಎಂದಿತು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ಚಲಿಸುವ ಚಿತ್ರವನ್ನೇ ತೆಗೆದಾಗ, ಶಬ್ದ ಬಂದ ಮೇಲೂ ಗುಳ್ಳೆ ಹಾಗೆಯೇ ಉಳಿದಿರುವುದು ಕಂಡಿತು. 2018ರಲ್ಲಿ ಪ್ರಕಟವಾದ ಗಣಿತದ ಮಾದರಿಯೊಂದು, ಗುಳ್ಳೆ ಪೂರ್ತಿ ಒಡೆಯಬೇಕಿಲ್ಲ, ಭಾಗಶಃ ಕುಸಿದರೂ ಅಷ್ಟು ಶಬ್ದ ಬರುತ್ತದೆ ಎಂದು ತೋರಿಸಿ ಎರಡೂ ಪಕ್ಷಗಳಿಗೆ ಸ್ವಲ್ಪಸ್ವಲ್ಪ ಗೆಲುವು ಕೊಟ್ಟಿತು. ಈ ಪ್ರಯೋಗಗಳೆಲ್ಲ ಬೆರಳಿನ ಮೇಲೆ ನಡೆದವು. ಪಕ್ಕೆಲುಬಿನ ದ್ರವವುಳ್ಳ ಕೀಲುಗಳ ರಚನೆ ಅದೇ ಬಗೆಯದಾದ್ದರಿಂದ ಅದೇ ವಿವರಣೆಯನ್ನು ಇಲ್ಲಿಗೂ ಅನ್ವಯಿಸುತ್ತಾರೆ.

ಜಗಳ ಹೇಗೇ ಮುಗಿಯಲಿ, ನಮಗೆ ಬೇಕಾದದ್ದು ಎರಡು ಸಂಗತಿ. ಮೊದಲನೆಯದು, ಗುಳ್ಳೆ ಮತ್ತೆ ದ್ರವದಲ್ಲಿ ಕರಗಲು ಸುಮಾರು 20 ನಿಮಿಷ ಬೇಕು; ಅಲ್ಲಿಯವರೆಗೆ ಎಷ್ಟು ಎಳೆದರೂ ಅದೇ ಕೀಲು ಮತ್ತೆ ಸದ್ದು ಮಾಡದು. ಎರಡನೆಯದು, ನೋವಿಲ್ಲದ ಇಂಥ ಶಬ್ದದಿಂದ ಕೀಲು ಸವೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು 50 ವರ್ಷ ಕಾಲ ದಿನಕ್ಕೆ ಎರಡು ಸಲವಾದರೂ ಎಡಗೈಯ ಲಟಿಕೆಯನ್ನಷ್ಟೇ ಮುರಿದು, ಬಲಗೈಯನ್ನು ಹೋಲಿಕೆಗೆ ಬಿಟ್ಟುಕೊಂಡು, ಎರಡರಲ್ಲೂ ಸಂಧಿವಾತ ಇಲ್ಲವೆಂದು 1998ರಲ್ಲಿ ವರದಿ ಮಾಡಿದರು. ಒಬ್ಬನೇ ಮನುಷ್ಯನ ಮೇಲಿನ ಪ್ರಯೋಗ ವಿಜ್ಞಾನದ ದೃಷ್ಟಿಯಿಂದ ತೂಕದ್ದಲ್ಲ, ಆದರೆ ಆ ತಾಳ್ಮೆಗೆ 2009ರಲ್ಲಿ ಇಗ್ನೊಬೆಲ್ ಪ್ರಶಸ್ತಿ, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಪ್ರಶಸ್ತಿ, ಸಂದಿತು.

ಎಲ್ಲ ಶಬ್ದವೂ ಗುಳ್ಳೆಯದಲ್ಲ. ಸ್ನಾಯುವನ್ನು ಎಲುಬಿಗೆ ಕಟ್ಟುವ ಬಿಗಿಯಾದ ಸ್ನಾಯುರಜ್ಜುವೋ, ಎಲುಬನ್ನು ಎಲುಬಿಗೆ ಕಟ್ಟುವ ಲಿಗಮೆಂಟೋ ಎಲುಬಿನ ಏಣಿನ ಮೇಲಿಂದ ಜಾರಿ ಬೀಳುವಾಗಲೂ ‘ಟಕ್’ ಎನ್ನುತ್ತದೆ. ಹೆಗಲೆಲುಬು ಪಕ್ಕೆಗಳ ಮೇಲೆ ಉಜ್ಜಿದಾಗ ಕರಕರ ಎನ್ನುತ್ತದೆ, ಅದನ್ನು ಎದೆಯದೆಂದೇ ಭ್ರಮಿಸುವವರಿದ್ದಾರೆ. ಇವುಗಳನ್ನು ಗುರುತಿಸುವ ಉಪಾಯ ಸರಳ: ಒಮ್ಮೆ ಸದ್ದಾದ ಮೇಲೆ ಕೂಡಲೇ ಮತ್ತೆ ಅದೇ ಚಲನೆ ಮಾಡಿದಾಗ ಮತ್ತೆ ಮತ್ತೆ ಸದ್ದು ಬಂದರೆ ಅದು ಗುಳ್ಳೆಯದಲ್ಲ, ಜಾರುವ ಅಥವಾ ಉಜ್ಜುವ ಶಬ್ದ. ನೋವಿಲ್ಲದಿದ್ದರೆ ಅದಕ್ಕೂ ಹೆದರಬೇಕಿಲ್ಲ. ಆದರೆ ಪೆಟ್ಟು ಬಿದ್ದ ಮೇಲೆ ಉಸಿರೆಳೆದಾಗಲೆಲ್ಲ ಒಳಗೆ ಕಟಕಟ ಎನಿಸಿದರೆ ಪಕ್ಕೆಲುಬು ಮುರಿದಿರಬಹುದು. ಚರ್ಮವನ್ನು ಒತ್ತಿದಾಗ ಕೆಳಗೆ ಗುಳ್ಳೆಗಳು ಚಿಟಪಟ ಒಡೆದಂತೆ ಅನಿಸಿದರೆ ಶ್ವಾಸಕೋಶದ ಗಾಳಿ ಚರ್ಮದಡಿ ಸೋರಿರಬಹುದು. ಎದೆ ತೆರೆದು ಶಸ್ತ್ರಚಿಕಿತ್ಸೆ ಆದವರಿಗೆ ಎದೆಮೂಳೆ ಕ್ಲಿಕ್ ಎಂದರೆ ಕೂಡುವಿಕೆ ಸಡಿಲವಾಗಿರಬಹುದು. ಈ ಮೂರನ್ನೂ ಮನೆಯಲ್ಲಿ ಕುಳಿತು ಪರೀಕ್ಷಿಸುತ್ತ ಹೋಗಬಾರದು.

ಪಕ್ಕೆಯ ಕೆಳಂಚಿನಲ್ಲಿ ಬರುವ ‘ಕ್ಲಿಕ್’ ಬೇರೆಯೇ ಜಾತಿಯದು. 8ರಿಂದ 10ನೆಯ ಪಕ್ಕೆಲುಬುಗಳು ಒಂದಕ್ಕೊಂದು ಆತುಕೊಂಡಿವೆ ಎಂದೆನಲ್ಲ, ಆ ಕಟ್ಟು ಸಡಿಲವಾದರೆ ಒಂದರ ತುದಿ ಮೇಲಿನದರ ಅಡಿಗೆ ನುಸುಳಿ ನಡುವಿನ ನರವನ್ನು ಚಿವುಟುತ್ತದೆ. ಬಗ್ಗಿದಾಗ, ಹೊರಳಿದಾಗ ಜಾರಿದ ಅನುಭವ, ಹಿಂದೆಯೇ ಚುಚ್ಚುನೋವು, ಕೆಲವೊಮ್ಮೆ ಮೇಲ್ಹೊಟ್ಟೆಯಲ್ಲಿ ಗಂಟೆಗಟ್ಟಲೆ ಉಳಿಯುವ ನೋವು. 1919ರಷ್ಟು ಹಿಂದೆಯೇ ಇದರ ವರ್ಣನೆಯಾಗಿದೆ. ಆದರೂ ಪಿತ್ತಕೋಶದ ತೊಂದರೆ, ಹೊಟ್ಟೆಹುಣ್ಣು ಎಂದು ಹಲವು ಪರೀಕ್ಷೆಗಳಾದ ಮೇಲೆ ಪತ್ತೆಯಾಗುವವರೇ ಹೆಚ್ಚು. ವೈದ್ಯರು ಪಕ್ಕೆಯ ಅಂಚಿನಡಿ ಬೆರಳು ಕೊಕ್ಕೆಯಂತೆ ಸೇರಿಸಿ ಮುಂದಕ್ಕೆಳೆದಾಗ ಅದೇ ನೋವು, ಅದೇ ಕ್ಲಿಕ್ ಮರುಕಳಿಸಿದರೆ ಅನುಮಾನ ಬಲವಾಗುತ್ತದೆ. ಚಲಿಸುತ್ತಿರುವಾಗಲೇ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಜಾರುವುದು ಕಾಣಲೂಬಹುದು.

ಬಿಗಿತಕ್ಕೆ ಬಂದರೆ ಕಥೆ ಶಬ್ದದಷ್ಟು ಚಿಕ್ಕದಲ್ಲ. ಪಕ್ಕೆಲುಬುಗಳ ನಡುವಿನ 11 ತೆರಪುಗಳಲ್ಲೂ ತೆಳುವಾದ ಸ್ನಾಯುಗಳ ಪದರಗಳಿವೆ. ಎದೆಯ ದೊಡ್ಡ ಸ್ನಾಯುವಿನ ಕೆಳಗೆ ಅಡಗಿರುವ ಚಿಕ್ಕ ಸ್ನಾಯುವೊಂದು 3ರಿಂದ 5ನೆಯ ಪಕ್ಕೆಲುಬುಗಳಿಂದ ಹೆಗಲೆಲುಬಿಗೆ ಹೋಗುತ್ತದೆ. ಭುಜ ಮುಂದಕ್ಕೆ ಬಾಗಿದಷ್ಟೂ ಅದು ಮೊಟಕಾಗುತ್ತದೆ. ಕತ್ತಿನ ಪಕ್ಕದ ಸ್ನಾಯುಗಳು ಮೊದಲೆರಡು ಪಕ್ಕೆಲುಬುಗಳನ್ನು ಮೇಲಕ್ಕೆತ್ತುತ್ತವೆ. ಇವೆಲ್ಲಕ್ಕೂ ಯಜಮಾನನಂತೆ ಕೆಳಗೆ ವಪೆ, ಅಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ, ಇದೆ. ವಿಶ್ರಾಂತಿಯಲ್ಲಿ ಉಸಿರಾಟದ ಬಹುಪಾಲು ಕೆಲಸವನ್ನು ವಪೆಯೇ ಒಂದೆರಡು ಸೆಂಟಿಮೀಟರ್ ಕೆಳಗಿಳಿದು ಮುಗಿಸಬೇಕು. ಬಾಗಿ ಕುಳಿತು ಹೊಟ್ಟೆ ಮಡಿಚಿಕೊಂಡಿದ್ದಾಗ, ಅಥವಾ ಮನಸ್ಸಿನಲ್ಲಿ ಆತಂಕ ಇದ್ದಾಗ, ವಪೆಗೆ ಇಳಿಯಲು ಜಾಗ ಸಾಲದೆ ಕೆಲಸ ಮೇಲಿನವರ ಪಾಲಿಗೆ ಬೀಳುತ್ತದೆ. ಕತ್ತು ಮತ್ತು ಮೇಲೆದೆಯ ಸ್ನಾಯುಗಳು ಓಡುವಾಗಲೋ ಹತ್ತುವಾಗಲೋ ನೆರವಿಗೆ ಬರಬೇಕಾದವು. ಅವು ದಿನವಿಡೀ ಸಾವಿರಾರು ಸಲ ದುಡಿದರೆ ಸಂಜೆಗೆ ಎದೆ ಹಿಡಿದುಕೊಂಡಂತೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ಎದೆ ಹಿಡಿದಂತಾದರೆ ಉಸಿರು ಸಾಲದೆಂಬ ಭಾವನೆ ಬರುತ್ತದೆ, ಅದಕ್ಕೆ ಇನ್ನೂ ಬೇಗ ಬೇಗ ಉಸಿರೆಳೆಯುತ್ತೇವೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ಬೆರಳ ತುದಿ ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ, ಆಗ ಹೃದಯದ್ದೇ ಇರಬೇಕೆಂಬ ಹೆದರಿಕೆ ಗಟ್ಟಿಯಾಗಿ ಎದೆ ಇನ್ನಷ್ಟು ಬಿಗಿಯುತ್ತದೆ. ಇದನ್ನು ‘ಬರೀ ಮಾನಸಿಕ’ ಎಂದು ತಳ್ಳಿಹಾಕುವುದು ಅನ್ಯಾಯ. ಶುರುವಾದದ್ದು ಮನಸ್ಸಿನಲ್ಲೇ ಇರಬಹುದು, ನೋಯುತ್ತಿರುವುದು ನಿಜವಾದ ಸ್ನಾಯು.

ಎಲ್ಲರೂ ಮರೆಯುವ ಜಾಗವೆಂದರೆ ಬೆನ್ನು. ಪಕ್ಕೆಲುಬಿನ ಬುಡ ಇರುವುದು ಹಿಂದೆ. ಅಲ್ಲಿಂದ ಹೊರಡುವ ನರ ಪಕ್ಕೆಲುಬಿನ ಕೆಳಂಚಿನುದ್ದಕ್ಕೂ ಸುತ್ತಿಕೊಂಡು ಎದೆಯ ಮುಂಭಾಗಕ್ಕೆ ಬರುತ್ತದೆ. ಹಿಂದಿನ ಕೀಲು ಗಡುಸಾಗಿ ಕೆರಳಿದರೆ ನೋವು ಮುಂದೆ ಕಾಣಿಸಿಕೊಳ್ಳಬಹುದು. ಇನ್ನೊಂದು ದಾರಿಯೂ ಇದೆ. ಬೆನ್ನಿನ ಕಡೆಯ ಸಂದುಗಳು ಆಡದಿದ್ದರೆ, ಉಸಿರಿನ ಪ್ರತಿ ಚಲನೆಯ ಎಳೆತವೂ ಮುಂದಿನ ಮೃದ್ವಸ್ಥಿಗಳ ಮೇಲೆ ಬೀಳುತ್ತದೆ. ಒಂದು ಕಡೆಯ ತಿರುಗಣಿ ಬಿಗಿಯಾದ ಬಾಗಿಲನ್ನು ದಿನವೂ ಎಳೆದರೆ ಇನ್ನೊಂದು ತಿರುಗಣಿಯ ಮೊಳೆ ಸಡಿಲವಾಗುವುದಿಲ್ಲವೇ, ಹಾಗೆ. ಆದ್ದರಿಂದ ಎದೆಯ ಮುಂಭಾಗವನ್ನೇ ಒತ್ತಿ, ತಿಕ್ಕಿ, ಎಳೆದು ಬೇಸತ್ತವರು ಮೇಲ್ಬೆನ್ನನ್ನು ಸಡಿಲಿಸಿ ನೋಡುವುದು ಒಳ್ಳೆಯದು.

ಎದೆಮೂಳೆಯ ಅಂಚಿನಲ್ಲಿ ಬೆರಳಿಟ್ಟು ಒತ್ತಿದರೆ ಗುರುತಿಸಬಹುದಾದ ನೋವಿದ್ದರೆ, ಅದು ಆಳವಾಗಿ ಉಸಿರೆಳೆದಾಗ, ಕೆಮ್ಮಿದಾಗ, ಆ ಮಗ್ಗುಲಿಗೆ ಮಲಗಿದಾಗ ಹೆಚ್ಚಿದರೆ, ವೈದ್ಯರು ಅದನ್ನು ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ, ಅಂದರೆ ಪಕ್ಕೆಲುಬಿನ ಮೃದ್ವಸ್ಥಿಯ ಉರಿಯೂತ. ಸಾಮಾನ್ಯವಾಗಿ 2ರಿಂದ 5ನೆಯ ಪಕ್ಕೆಲುಬುಗಳ ಹಲವು ಸಂದುಗಳಲ್ಲಿ ಒಟ್ಟಿಗೆ ಇರುತ್ತದೆ, ಊತ ಇರುವುದಿಲ್ಲ. ವಾರಗಟ್ಟಲೆ ಕೆಮ್ಮಿದ ಮೇಲೆ, ಜಿಮ್‌ನಲ್ಲಿ ಹೊಸದಾಗಿ ಎದೆಯ ವ್ಯಾಯಾಮ ಹೆಚ್ಚಿಸಿದ ಮೇಲೆ, ಭಾರದ ಸಾಮಾನು ಎತ್ತಿಟ್ಟ ಮೇಲೆ ಬರುವುದು ಹೆಚ್ಚು. ಕಾರಣವೇ ಸಿಗದಿರುವುದೂ ಅಷ್ಟೇ ಹೆಚ್ಚು. ಒಂದೇ ಕಡೆ, ಬಹುಮಟ್ಟಿಗೆ 2 ಅಥವಾ 3ನೆಯ ಪಕ್ಕೆಲುಬಿನ ಬಳಿ, ಕಣ್ಣಿಗೆ ಕಾಣುವ ಊತವೂ ಇದ್ದರೆ ಅದಕ್ಕೆ ಟೀಟ್ಸೆ ಸಿಂಡ್ರೋಮ್ ಎಂಬ ಹೆಸರು. ಜರ್ಮನ್ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ಇದನ್ನು ವರ್ಣಿಸಿದ್ದರಿಂದ ಆ ಹೆಸರು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಸುಮ್ಮನೆ ಕುಳಿತಿರುವಾಗ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತೆ ಚಳಕು ಹಿಡಿಯುತ್ತದೆ, ಉಸಿರೆಳೆಯಲು ಹೋದರೆ ಇನ್ನಷ್ಟು ಚುಚ್ಚುತ್ತದೆ, ಕೆಲವು ಸೆಕೆಂಡುಗಳಲ್ಲಿ ಅಥವಾ ಎರಡು ಮೂರು ನಿಮಿಷಗಳಲ್ಲಿ ಬಂದಷ್ಟೇ ಹಠಾತ್ತಾಗಿ ಹೋಗುತ್ತದೆ. ಧೈರ್ಯ ಮಾಡಿ ಒಂದು ದೀರ್ಘ ಉಸಿರೆಳೆದಾಗ ಏನೋ ‘ಫಟ್’ ಎಂದು ಬಿಟ್ಟುಕೊಂಡಂತಾಗಿ ನೋವು ನಿಂತಿತು ಎನ್ನುವವರೂ ಇದ್ದಾರೆ. ಅದು ಅಪಾಯದ್ದಲ್ಲ, ವಯಸ್ಸು ಬಲಿತಂತೆ ತಾನಾಗಿ ಕಡಿಮೆಯಾಗುತ್ತದೆ.

ಹಾಗಾದರೆ ಲಟಿಕೆ ಬಂದಾಗ ಸಿಗುವ ಆರಾಮ ಸುಳ್ಳೇ? ಸುಳ್ಳಲ್ಲ. ಕೀಲಿನ ಚೀಲ ಎಳೆದುಕೊಂಡಾಗ ಅಲ್ಲಿನ ನರತುದಿಗಳು ಎಚ್ಚೆತ್ತು ಸುತ್ತಲಿನ ಸ್ನಾಯುಗಳ ಬಿಗುವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತವೆ. ಆದರೆ ಆ ಆರಾಮ ಎಳೆತದಿಂದ ಬಂದದ್ದು, ಶಬ್ದ ಅದರ ಜೊತೆಗೆ ಬಂದದ್ದು. ನಾವು ನೆನಪಿಟ್ಟುಕೊಳ್ಳುವುದು ಮಾತ್ರ ಶಬ್ದವನ್ನು. ನನಗೇ ಈ ಅಭ್ಯಾಸ ಬಹಳ ದಿನ ಇತ್ತು. ಒಂದು ದಿನ ಮೇಜಿನ ಮೇಲೆ ಚೀಟಿಯೊಂದನ್ನಿಟ್ಟು ತೋಳು ಹಿಂದಕ್ಕೆಳೆದಾಗಲೆಲ್ಲ ಒಂದು ಗೆರೆ, ಶಬ್ದ ಬಂದಾಗ ಗೆರೆಯ ಮೇಲೊಂದು ಚುಕ್ಕೆ ಹಾಕುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಗೆರೆಗಳು ಇಪ್ಪತ್ತು ದಾಟಿದ್ದವು, ಚುಕ್ಕೆಗಳಿದ್ದದ್ದು ಐದು. ಉಳಿದ ಅಷ್ಟೂ ಸಲ ನಾನು ಗುಳ್ಳೆ ಕರಗುವ ಮೊದಲೇ, ಬಾರದ ಶಬ್ದಕ್ಕಾಗಿ, ಮೊದಲೇ ನೊಂದಿದ್ದ ಮೃದ್ವಸ್ಥಿಗಳನ್ನು ಪ್ರತಿ ಸಲ ಸ್ವಲ್ಪ ಹೆಚ್ಚು ಬಲ ಹಾಕಿ ಜಗ್ಗಿದ್ದೆ. ಸಂಜೆ ಎದೆಮೂಳೆಯ ಅಂಚು ಮುಟ್ಟಿದರೆ ನೋಯುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ಉಳಿಯಲಿಲ್ಲ.

ಮಾಡಬೇಕಾದ ಮೊದಲ ಕೆಲಸ, ಆದ್ದರಿಂದ, ನಿಲ್ಲಿಸುವುದು. ತಾನಾಗಿ ಬಂದ ಶಬ್ದ ಬರಲಿ, ಬರಿಸಲು ಹೋಗಬಾರದು. ಮುಷ್ಟಿಯಿಂದ ಎದೆಮೂಳೆಯನ್ನು ಒತ್ತುವುದು, ಬೋರಲು ಮಲಗಿ ಬೆನ್ನ ಮೇಲೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವುದು, ಹಿಂದಿನಿಂದ ಅಪ್ಪಿ ಎತ್ತಿ ಲಟಕ್ಕೆನ್ನಿಸುವುದು ಇವೆಲ್ಲ ಬೇಡ. ಮೂಳೆ ಸವೆದು ಟೊಳ್ಳಾಗಿರುವ ವಯಸ್ಸಾದವರಲ್ಲಿ ಇಷ್ಟಕ್ಕೇ ಪಕ್ಕೆಲುಬು ಮುರಿದೀತು. ತೋಳು ಹಿಂದಕ್ಕೆಳೆಯಬೇಕೆಂಬ ತುಡಿತ ಬಂದಾಗ ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು ಬರುವುದು, ಇಲ್ಲವೇ ಭುಜಗಳನ್ನು ನಿಧಾನವಾಗಿ ಹಿಂದಕ್ಕೆ ಹತ್ತು ಸುತ್ತು ಹೊರಳಿಸುವುದು, ಆ ತುಡಿತವನ್ನು ಸುಮಾರಾಗಿ ತಣಿಸುತ್ತದೆ.

ಆಮೇಲಿನದು ಉಸಿರು. ಅಂಗಾತ ಮಲಗಿ, ಮೊಣಕಾಲು ಮಡಿಚಿ, ಎರಡೂ ಅಂಗೈಗಳನ್ನು ಪಕ್ಕೆಯ ಕೆಳಭಾಗದ ಎರಡು ಬದಿಗೆ, ಬೆರಳ ತುದಿಗಳು ನಡುವೆ ಒಂದನ್ನೊಂದು ತಾಗುವಂತೆ ಇಡಬೇಕು. ಮೂಗಿನಿಂದ ನಾಲ್ಕು ಎಣಿಕೆಯಷ್ಟು ಹೊತ್ತು ಸದ್ದಿಲ್ಲದೆ ಉಸಿರೆಳೆದಾಗ ಬೆರಳ ತುದಿಗಳು ಒಂದರಿಂದೊಂದು ದೂರವಾಗಬೇಕು, ಭುಜ ಏಳಬಾರದು. ಆರು ಎಣಿಕೆಯಷ್ಟು ಹೊತ್ತು ಬಿಡುವಾಗ ಮತ್ತೆ ಕೂಡಬೇಕು. ಮೊದಮೊದಲು ಬೆರಳುಗಳು ಅಲುಗುವುದೇ ಇಲ್ಲ, ಹೊಟ್ಟೆ ಮಾತ್ರ ಏಳುತ್ತದೆ ಅಥವಾ ಮೇಲೆದೆ ಮಾತ್ರ ಉಬ್ಬುತ್ತದೆ. ನಾಲ್ಕೈದು ದಿನದಲ್ಲಿ ಪಕ್ಕೆಗಳಿಗೆ ತಮ್ಮ ಕೆಲಸ ನೆನಪಾಗುತ್ತದೆ. ದಿನಕ್ಕೆರಡು ಸಲ ಐದೈದು ನಿಮಿಷ ಸಾಕು. ದೊಡ್ಡ ಉಸಿರೆಳೆಯುವ ಸ್ಪರ್ಧೆ ಇದಲ್ಲ. ತಲೆ ಸುತ್ತಿದರೆ ಅತಿಯಾಯಿತೆಂದೇ ಅರ್ಥ.

ಮೇಲ್ಬೆನ್ನಿಗೆ ಒಂದು ಟವೆಲ್ ಸಾಕು. ಅದನ್ನು ಮುಂಗೈ ದಪ್ಪಕ್ಕೆ ಸುರುಳಿ ಸುತ್ತಿ, ಹೆಗಲೆಲುಬುಗಳ ಕೆಳತುದಿಯ ಮಟ್ಟಕ್ಕೆ ಬೆನ್ನಿಗೆ ಅಡ್ಡಲಾಗಿಟ್ಟು, ಅಂಗೈಗಳಿಂದ ತಲೆಯನ್ನು ಹಿಡಿದುಕೊಂಡು ಅದರ ಮೇಲೆ ಮಲಗಿ ಐದಾರು ಉಸಿರು ಹಾಗೆಯೇ ಬಿಡಬೇಕು. ಆಮೇಲೆ ಎರಡು ಬೆರಳು ಮೇಲಕ್ಕೆ ಸರಿಸಿ ಮತ್ತೆ ಅಷ್ಟೇ. ಬೆನ್ನು ಲಟಕ್ಕೆಂದರೆ ಎನ್ನಲಿ, ಎನ್ನದಿದ್ದರೂ ಕೆಲಸ ಆಗಿಯೇ ಇರುತ್ತದೆ. ಮಗ್ಗುಲಾಗಿ ಮಲಗಿ ಮೊಣಕಾಲುಗಳನ್ನು ಒಟ್ಟಿಗಿಟ್ಟುಕೊಂಡು, ಮೇಲಿನ ತೋಳನ್ನು ಪುಸ್ತಕದ ಹಾಳೆ ತೆರೆದಂತೆ ಹಿಂದಕ್ಕೆ ತೆರೆಯುವುದೂ ಒಳ್ಳೆಯದು. ಎದೆಯ ಸ್ನಾಯುಗಳಿಗೆ ಬಾಗಿಲಿನ ಚೌಕಟ್ಟಿನ ಎರಡೂ ಬದಿಗೆ ಮುಂಗೈಗಳನ್ನು ಆನಿಸಿ, ಮೊಣಕೈ ಭುಜಕ್ಕಿಂತ ತುಸು ಕೆಳಗಿರುವಂತೆ ಒಂದು ಹೆಜ್ಜೆ ಮುಂದಿಟ್ಟು 20ರಿಂದ 30 ಸೆಕೆಂಡು ನಿಲ್ಲಬಹುದು. ಎಳೆತ ತೋಳು ಎದೆ ಕೂಡುವಲ್ಲಿ ತಿಳಿಯಬೇಕು. ಎದೆಮೂಳೆಯ ಅಂಚಿನಲ್ಲಿ ಚುಚ್ಚಿದರೆ ಹಿಂದಕ್ಕೆ ಬರಬೇಕು. ಹಿಗ್ಗಿಸುವುದಷ್ಟೇ ಸಾಲದು, ಹೆಗಲೆಲುಬುಗಳನ್ನು ಹಿಂದಕ್ಕೆ ಹಿಡಿದಿಡುವ ಬೆನ್ನಿನ ಸ್ನಾಯುಗಳಿಗೆ ಬಲವೂ ಬರಬೇಕು. ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯುವ ವ್ಯಾಯಾಮ ಅದಕ್ಕೆ ಹೊಂದುತ್ತದೆ. ಹೆಬ್ಬೆರಳು ಮುಂಗೈಗೆ ತಾಗುವಷ್ಟು, ಮೊಣಕೈ ಹಿಂದಕ್ಕೆ ಬಾಗುವಷ್ಟು ಕೀಲುಗಳು ಸಡಿಲವಾಗಿರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅವರ ಸ್ನಾಯುಗಳು ಬಿಗಿದಿರುವುದೇ ಸಡಿಲ ಕೀಲನ್ನು ಹಿಡಿದಿಡಲೆಂದು. ಅವರಿಗೆ ಹಿಗ್ಗಿಸುವ ವ್ಯಾಯಾಮ ತೊಂದರೆ ಹೆಚ್ಚಿಸಬಹುದು, ಬಲ ಬರಿಸುವುದೇ ಮದ್ದು.

ಮೃದ್ವಸ್ಥಿಯ ನೋವು ಕೆರಳಿದ ದಿನಗಳಲ್ಲಿ 15–20 ನಿಮಿಷದ ಬಿಸಿ ಶಾಖ ಹಿತ ಕೊಡುತ್ತದೆ, ಕೆಲವರಿಗೆ ತಣ್ಣನೆಯದು ಹಿಡಿಸುತ್ತದೆ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಬಗೆಯ ಗುಳಿಗೆಗಳನ್ನು ಕೆಲವು ದಿನ ಬಳಸುವುದುಂಟು. ಹೊಟ್ಟೆಹುಣ್ಣು, ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್ ಬಗೆಯವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ದಂಡ, ಬೆಂಚ್ ಪ್ರೆಸ್, ಡಿಪ್ಸ್ ಬಗೆಯ ಎದೆಯ ವ್ಯಾಯಾಮಗಳಿಗೆ ಕೆಲವು ವಾರ ವಿರಾಮ ಬೇಕು. ನಡಿಗೆ ಬಿಡಬೇಕಿಲ್ಲ. ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಬೇಕೆಂಬ ಉಪದೇಶವನ್ನು ನಾನು ಅಷ್ಟಾಗಿ ನಂಬುವುದಿಲ್ಲ; ಕೋಲು ನುಂಗಿದಂತೆ ಎರಡು ಗಂಟೆ ಕುಳಿತರೂ ಪಕ್ಕೆ ಹಿಡಿಯುತ್ತದೆ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸುವುದು ಅದಕ್ಕಿಂತ ಉಪಯುಕ್ತ.

ಎರಡು ಮೂರು ವಾರ ಹೀಗೆ ಮಾಡಿಯೂ ಗುಣ ಕಾಣದಿದ್ದರೆ, ಜ್ವರ, ಊತ, ಕೆಂಪಾಗುವುದು, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ, ಅಥವಾ ಬೆಳಿಗ್ಗೆ ಬೆನ್ನು ಗಂಟೆಗಟ್ಟಲೆ ಬಿಗಿದೇ ಇರುತ್ತಿದ್ದರೆ ಮತ್ತೆ ವೈದ್ಯರ ಬಳಿಗೆ ಹೋಗಬೇಕು. ಬೆನ್ನುಮೂಳೆಯ ಉರಿಯೂತದ ಕೆಲವು ಕಾಯಿಲೆಗಳು ಎದೆಯ ಕೀಲುಗಳನ್ನೂ ಹಿಡಿಯುತ್ತವೆ. ಹೋಗುವಾಗ ‘ಎದೆನೋವು’ ಎಂದಷ್ಟೇ ಹೇಳದೆ, ಒಂದೇ ಬೆರಳಿನಿಂದ ಜಾಗ ತೋರಿಸಲು ಆಗುತ್ತದೆಯೇ, ಯಾವ ಚಲನೆಗೆ ಹೆಚ್ಚುತ್ತದೆ, ಶಬ್ದದ ಜೊತೆ ನೋವು ಇದೆಯೇ ಎಂಬ ಮೂರು ಸಂಗತಿ ಹೇಳಿದರೆ ಅವರ ಕೆಲಸ ಅರ್ಧ ಮುಗಿದಂತೆ.

ಕಾಸ್ಟೋಕಾಂಡ್ರೈಟಿಸ್ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ, ನಡುವೆ ಒಂದು ಕೆಮ್ಮು ಬಂದರೆ ಮತ್ತೆ ನಾಲ್ಕು ದಿನ ಹಿಂದಕ್ಕೆ ಹೋಗುತ್ತದೆ. ನೋವು ಪೂರ್ತಿ ಹೋದ ಮೇಲೂ ಶಬ್ದ ಉಳಿಯಬಹುದು. ನನ್ನ ಎದೆ ಈಗಲೂ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಒಮ್ಮೆ ‘ಟಕ್’ ಎನ್ನುತ್ತದೆ. ನಾನು ಹಲ್ಲುಜ್ಜಲು ಹೋಗುತ್ತೇನೆ.